ಮೂಗಿನ ಸಾಕ್ಷಿ

ಭದ್ರಾವತಿಯ ಜನ್ನಾಪುರದ ಆ ಓಣಿಗೆ ಬೆಳಗಾಗುತ್ತಿದ್ದುದೇ ರಂಜಿನಿಯ ಸೀನಿನಿಂದ. ಒಂದು ಶುರುವಾದರೆ ಸಾಲುಸಾಲು. ಕಣ್ಣು ಕೆಂಪು, ಮೂಗು ಕಟ್ಟಿ ಮಾತೆಲ್ಲ ಗೊಣಗೊಣ. ಅಮ್ಮನಿಲ್ಲದ ಹುಡುಗಿ, ಸಾಕಿದ್ದು ಅಜ್ಜಿ ಈಶ್ವರಮ್ಮ. ಪಿಯುಸಿ ಮುಗಿಸಿ ಶಿವಮೊಗ್ಗದಲ್ಲಿ ನರ್ಸಿಂಗ್ ಸೇರಬೇಕೆಂಬುದು ಅವಳ ಒಂದೇ ಆಸೆ. ಅಪ್ಪ ಕಾಂತರಾಜ್ ಹೇಗೋ ಹಾಸ್ಟೆಲಿಗೂ ಒಪ್ಪಿದ್ದ. ಲೇತ್ ಕೆಲಸದ ಆ ಮನುಷ್ಯ ಯಾವುದಕ್ಕಾದರೂ ಒಪ್ಪುವುದೇ ಅಪರೂಪ. ತರಕಾರಿಯವನ ತಕ್ಕಡಿಯಿಂದ ಟಿವಿಯ ಹವಾಮಾನ ವರದಿಯವರೆಗೆ ಅವನಿಗೆ ಎಲ್ಲದರ ಮೇಲೂ ಅನುಮಾನ.

ಶಿವಮೊಗ್ಗದ ವಿನೋಬನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಪ್ರಿಯದರ್ಶಿನಿ ಹಿಂದಿನ ತಿಂಗಳು ಹತ್ತಿಕಡ್ಡಿಯಿಂದ ರಂಜಿನಿಯ ಮೂಗಿನ ದ್ರವ ತೆಗೆದು ಲ್ಯಾಬಿಗೆ ಕಳಿಸಿ, ಸ್ಪ್ರೇ ಬರೆದುಕೊಟ್ಟಿದ್ದರು. ಇವತ್ತು ಎರಡನೇ ಸಲದ ವರದಿ ಅವರ ಕೈಯಲ್ಲಿತ್ತು.

"ಅಲರ್ಜಿಯಿಂದ ಮೂಗಿನೊಳಗೆ ಊತ ಇದ್ರೆ ಒಂದು ಥರದ ರಕ್ತಕಣ ಜಾಸ್ತಿ ಇರುತ್ತೆ. ಸ್ಪ್ರೇ ಹಾಕಿದ ಮೇಲೆ ಅದು ಇಳೀಬೇಕಿತ್ತು. ಚೂರೂ ಇಳಿದಿಲ್ಲ. ದಿನಾ ಹಾಕ್ಕೊಳ್ತಿದ್ದೀಯಾ?"

"ಒಂದು ದಿನಾನೂ ತಪ್ಪಿಸಿಲ್ಲ ಮೇಡಂ."

"ಮುಂದಿನ ಸಲ ಬಾಟಲಿ ತಗೊಂಡು ಬಾ, ಹಾಕೋ ರೀತಿ ನೋಡೋಣ."

ಎರಡೆರಡು ಸಲ ಟೆಸ್ಟ್ ಮಾಡಿಸುವುದೇ ಒಂದು ವ್ಯಾಪಾರ ಎಂದು ಜೊತೆಗೆ ಬಂದಿದ್ದ ಕಾಂತರಾಜ್ ಬಸ್ ಹತ್ತುವವರೆಗೂ ಗೊಣಗಿದ. ಭದ್ರಾವತಿ ತಲುಪುವಷ್ಟರಲ್ಲಿ ಅವನ ಅನುಮಾನ ಪಕ್ಕದ ಸೀಟಿನಲ್ಲಿದ್ದ ಮಗಳತ್ತ ದಾಟಿತ್ತು.

"ಔಷಧಿ ಎಲ್ಲಿ ಚೆಲ್ತಿದ್ದೀಯಾ ಮಾರಾಯ್ತಿ? ನಿಜ ಹೇಳು," ಎಂದ ಮನೆಗೆ ಬಂದವನೇ.

"ನಾನ್ಯಾಕೆ ಚೆಲ್ಲಲಿ ಅಪ್ಪಾ? ಉಸಿರು ಕಟ್ಟೋದು ನನಗೆ ತಾನೆ?"

"ಹಾಗಾದ್ರೆ ವರದಿ ಸುಳ್ಳಾ? ಮನೇಲೇ ಹೀಗೆ ಮಾಡೋಳು ಹಾಸ್ಟೆಲಲ್ಲಿ ಇನ್ನೇನು ಮಾಡ್ತೀಯೋ! ನರ್ಸಿಂಗೂ ಬೇಡ, ಏನೂ ಬೇಡ."

ಮಧ್ಯಾಹ್ನ ಟೆಸ್ಟೇ ಒಂದು ವ್ಯಾಪಾರ ಎಂದವನಿಗೆ ಸಂಜೆ ಅದೇ ಟೆಸ್ಟಿನ ಕಾಗದ ದೇವರ ಮಾತಾಗಿತ್ತು. ಹೆತ್ತ ಮಗಳ ಮಾತಿಗೆ ಅಷ್ಟು ಬೆಲೆಯೂ ಇರಲಿಲ್ಲ.

ಅಕ್ಕಿ ಆರಿಸುತ್ತಿದ್ದ ಈಶ್ವರಮ್ಮ ಮೊರ ಕೆಳಗಿಟ್ಟರು.

"ಅವಳನ್ನ ಬೈಬೇಡ ಕಣೋ. ಅದರಲ್ಲಿ ಔಷಧೀನೇ ಇಲ್ಲ. ತಂದ ದಿನಾನೇ ಮುಚ್ಚಳ ತಿರುಗಿಸಿ ಚೆಲ್ಲಿ, ಕಾಸಿ ಆರಿಸಿದ ನೀರು ತುಂಬಿಟ್ಟೆ."

"ಯಾಕವ್ವಾ?"

"ಸ್ಟೀರಾಯ್ಡ್ ಅಂತೆ. ಹೆಣ್ಣುಮಕ್ಕಳಿಗೆ ಮೀಸೆ ಬರುತ್ತೆ, ಮಕ್ಕಳಾಗಲ್ಲ ಅಂದ್ಲು ಪಕ್ಕದ ಮನೆ ವಾಣಿ. ಡಾಕ್ಟರನ್ನ ಕೇಳೋಣ ಅಂದ್ರೆ, ತಾವು ಕೊಟ್ಟ ಔಷಧೀನ ಅವರೇ ಬೈತಾರಾ?"

ಅನುಮಾನ ಆ ಮನೆಯಲ್ಲಿ ಮಗನಿಗೆ ಎಲ್ಲಿಂದ ಬಂತು ಎಂದು ಹುಡುಕಬೇಕಾಗಿರಲಿಲ್ಲ. ಕಾಂತರಾಜ್ ಕ್ಲಿನಿಕ್ಕಿಗೆ ಫೋನ್ ಮಾಡಿ ಅವ್ವನ ಕೈಗೆ ಕೊಟ್ಟ. ಡಾಕ್ಟರ್ ಗದರಲಿಲ್ಲ. ಇದು ಮೂಗಿಗಷ್ಟೇ ಹಾಕುವ ಸಣ್ಣ ಪ್ರಮಾಣ, ಮೈಗೆ ಸೇರುವುದು ತೀರಾ ಕಡಿಮೆ, ಹೇಳಿದಷ್ಟೇ ಹಾಕಿದರೆ ನೀವು ಹೆದರಿದ್ದು ಯಾವುದೂ ಆಗುವುದಿಲ್ಲ ಎಂದು ತಿಳಿಸಿ ಹೇಳಿದರು. ಈಶ್ವರಮ್ಮ ಮೊಮ್ಮಗಳ ತಲೆ ಸವರಿ, "ನಿನ್ನನ್ನೇ ಒಂದು ಮಾತು ಕೇಳಬೇಕಿತ್ತು ಮಗಾ," ಎಂದು ಅತ್ತುಬಿಟ್ಟರು.

ರಂಜಿನಿ ಅಳಲಿಲ್ಲ. ಅವಳು ನೋಡುತ್ತಿದ್ದುದು ಅಪ್ಪನನ್ನು.

"ಅಜ್ಜಿ ಬಾಯಿ ಬಿಡದೇ ಇದ್ದಿದ್ರೆ ನನ್ನ ಮಾತು ನಂಬ್ತಿದ್ರಾ ಅಪ್ಪಾ?"

ಕಾಂತರಾಜನಿಗೆ ನಾಚಿಕೆಯಾಯಿತು. ಉತ್ತರ ಅವಳಿಗೂ ಗೊತ್ತಿತ್ತು.

ಸೋಮವಾರ ಲೇತಿಗೆ ರಜೆ ಹಾಕಿ ಅವನು ಮಗಳೊಂದಿಗೆ ನರ್ಸಿಂಗ್ ಕಾಲೇಜಿಗೆ ಹೋದ. ಅರ್ಜಿ ತೆಗೆದುಕೊಂಡ ಹೆಂಗಸು ಹುಡುಗಿಯನ್ನು ಬಿಟ್ಟು ಅವನತ್ತ ತಿರುಗಿ, "ಆರೋಗ್ಯ ಎಲ್ಲ ಸರಿಯಿದೆಯಾ? ಹಾಸ್ಟೆಲಲ್ಲಿ ಇರ್ತಾಳಾ?" ಎಂದರು.

ಕಾಂತರಾಜ್ ಪಕ್ಕಕ್ಕೆ ಸರಿದು ಮಗಳನ್ನು ಮುಂದೆ ಬಿಟ್ಟ.

"ಅವಳನ್ನೇ ಕೇಳಿ ಮೇಡಂ," ಎಂದ. "ಅವಳು ಏನು ಹೇಳ್ತಾಳೋ ಅದನ್ನೇ ಬರ್ಕೊಳ್ಳಿ."