ಹೆಚ್ಚೈತಿ

ರೇಶನ್ ಆಫೀಸಿನ ಬೆಂಚಿನ ಮೇಲೆ ಭಾಗವ್ವ ಕೂತದ್ದು ಇದು ಮೂರನೆಯ ದಿನ. ಮುಲುಂಡದಲ್ಲಿ ಏಳುತ್ತಿದ್ದ ಬಿಲ್ಡಿಂಗಿನ ಮುಕಾದಮ, ನಾಳೆಯೂ ಬರದಿದ್ದರೆ ಬೇರೆಯವಳನ್ನು ಕೆಲಸಕ್ಕೆ ಹಚ್ಚುತ್ತೇನೆ ಎಂದಿದ್ದ. ಅವಳಿಗೆ ಸಿಟ್ಟು ಕೂಡ ಬರುತ್ತಿರಲಿಲ್ಲ. ಸಿಟ್ಟಿಗೂ ಹೊಟ್ಟೆಯಲ್ಲಿ ಏನಾದರೂ ಇರಬೇಕಲ್ಲ. ಕಾರ್ಡು ಉಳಿದರೆ ಸಾಕಿತ್ತು. ಕಾರ್ಡು ಹೋದರೆ ಕಾಳು, ಚಿಮಣಿ ಎಣ್ಣೆ ಹೋದಂತೆ; ಈ ಊರಲ್ಲಿ ತಾನೊಬ್ಬಳಿದ್ದೇನೆ ಎನ್ನುವುದಕ್ಕಿದ್ದ ಒಂದೇ ಕಾಗದವೂ ಹೋದಂತೆ.

ಅತ್ತೆ ರಾಚವ್ವ ಸತ್ತು ಎರಡು ತಿಂಗಳಾಗಿತ್ತು. ಸತ್ತವರ ಹೆಸರನ್ನು ಕಾರ್ಡಿನಿಂದ ತೆಗೆಸಬೇಕೆಂದು ಯಾರೂ ಹೇಳಿರಲಿಲ್ಲ. ಕಾರ್ಡಿನ ಹಿಂದೆ ಮರಾಠಿಯಲ್ಲಿ ಅಚ್ಚಾಗಿತ್ತಂತೆ. ಭಾಗವ್ವನಿಗೆ ಕನ್ನಡವೇ ಓದಲು ಬಾರದು. ಅಂಗಡಿಯವನು ತೂಗಿ ಕೊಟ್ಟ, ಅವಳು ತಂದಳು, ಮಕ್ಕಳು ತಿಂದವು. ತಪಾಸಣೆಗೆ ಬಂದವನು ಮುದುಕಿ ಎಲ್ಲಿ ಎಂದಾಗ, ಇದ್ದದ್ದನ್ನು ಇದ್ದಂತೆ ಹೇಳಿದಳು. ಅಲ್ಲಿಂದ ಈ ಅಲೆದಾಟ ಶುರುವಾಯಿತು.

ಮಧ್ಯಾಹ್ನ ಪ್ಯೂನ್ ಇಮಾಮಸಾಬ ಅವಳ ಹೆಸರು ಕೂಗಿದ. ಸಾಹೇಬರಿಗೆ ಕನ್ನಡ ಬಾರದು. ನಡುವೆ ಮಾತು ದಾಟಿಸಲು ಕ್ಲಾರ್ಕ್ ಧರ್ಮಣ್ಣನನ್ನು ಕರೆದರು. ಅವನ ಅಪ್ಪ ವಿಜಾಪುರದ ಕಡೆಯವ. ಅವನು ಈ ಊರಿನ ಸಯನ್‌ನಲ್ಲೇ ಹುಟ್ಟಿ ಬೆಳೆದವ. ಅವನ ಬಾಯಲ್ಲಿ ಕನ್ನಡ ಕುಂಟುತ್ತಿತ್ತು.

“ಮಾವಶೀ, ಸತ್ತವರ ರೇಶನ್ ಯಾಕ ತಗೊಂಡ್ರಿ, ಸಾಹೇಬ್ ಕೇಳ್ತಾರ.”

“ತಪ್ಪಂತ ಗೊತ್ತಿರಲಿಲ್ರಿ.”

ಕಾಯದೆ ಗೊತ್ತಿಲ್ಲ ಅಂದರೆ ನಡೆಯುವುದಿಲ್ಲ ಎಂದರು ಸಾಹೇಬರು ಮರಾಠಿಯಲ್ಲಿ. ಆದರೂ ಅವಳ ಒಣಗಿದ ತುಟಿ ನೋಡಿ ಪೆನ್ನು ಕೆಳಗಿಟ್ಟರು. ಬಂದ ಕಾಳು ಉಂಡು ತೀರಿದ್ದರೆ ಹೆಸರು ಹೊಡೆದು ಬಿಟ್ಟುಬಿಡೋಣ. ಕೂಡಿಟ್ಟಿದ್ದರೆ ಕಾರ್ಡು ಜಪ್ತಿ. ಮನೆಯಲ್ಲಿ ಎಷ್ಟಿದೆ, ಕೇಳು ಎಂದರು ಧರ್ಮಣ್ಣನಿಗೆ.

“ಮನ್ಯಾಗ ಕಾಳು ಎಷ್ಟ್ ಐತಿ?”

‘ಇಲ್ಲ’ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು. ಕಾಳಿಗೆ ಇಲ್ಲ ಎನ್ನಬಾರದು. ಹೊಸ ಸೊಸೆಯಾಗಿ ಬಂದಾಗ ಒಮ್ಮೆ ಅಂದದ್ದಕ್ಕೆ ರಾಚವ್ವ ಬಾಯಿಯ ಮೇಲೇ ಹೊಡೆದಿದ್ದಳು.

“ಹೆಚ್ಚೈತ್ರಿ,” ಎಂದಳು ಭಾಗವ್ವ. “ಎಲ್ಲಾ ಹೆಚ್ಚೈತ್ರಿ.”

“ಜಾಸ್ತ್ ಆಹೇ, ಸಾಹೇಬ್,” ಎಂದ ಧರ್ಮಣ್ಣ.

ಸಾಹೇಬರ ಮುಖ ಬಿಗಿಯಾಯಿತು. ಪೆನ್ನು ಓಡಿತು. ಹೆಬ್ಬೆರಳು ಒತ್ತಿಸಿಕೊಂಡರು. ಕಾರ್ಡು ಡ್ರಾವರಿನೊಳಗೆ ಬಿದ್ದಾಗಲೇ ಅದು ಹೋಯಿತೆಂದು ಅವಳಿಗೆ ತಿಳಿದದ್ದು.

ಹೊರಗೆ ಇಮಾಮಸಾಬ ಕೇಳಿದ, “ಏನಂದಿ ಯವ್ವಾ ಒಳಗ?”

“ಹೆಚ್ಚೈತಿ ಅಂದೆ.”

ಅವನು ಹಣೆ ಚಚ್ಚಿಕೊಂಡು ಹೋಗಿ ಧರ್ಮಣ್ಣನ ತೋಳು ಹಿಡಿದು ಎಳೆತಂದ. “ಏ ಕ್ಲಾರ್ಕಸಾಬ, ನಮ್ಮ ಕಡೆ ಕಾಳು ಹೆಚ್ಚೈತಿ ಅಂದ್ರ ತೀರೈತಿ ಅಂತ! ಬಳಿ ಹೆಚ್ಚ್ಯಾವ ಅಂದ್ರ ಮತ್ತ ನಾಕ ಬಳಿ ಬಂದಾವೇನು? ಒಡದಾವ! ನಿಮ್ಮವ್ವ ಇಷ್ಟೂ ಕಲಿಸಲಿಲ್ಲೇನೋ?”

ಧರ್ಮಣ್ಣನ ಮುಖ ಕಪ್ಪಿಟ್ಟಿತು. ಓಡಿ ಒಳಗೆ ಹೋದ. ಹೋದಷ್ಟೇ ಬೇಗ ಬಂದ.

“ಸಹೀ ಆಗೇದ ಅಂತಾರ. ಅಂಗಠಾ ಭೀ ಆಗೇದ. ಮ್ಯಾಲಿನ ಆಫೀಸಿಗೆ ಅರ್ಜಿ ಮಾಡ್ಬೇಕಂತ.” ತಲೆ ತಗ್ಗಿಸಿದ. “ನನಗ ಆ ಮಾತು ಗೊತ್ತಿರಲಿಲ್ಲ, ಮಾವಶೀ.”

ಭಾಗವ್ವ ಹೆಬ್ಬೆರಳಿನ ಮಸಿಯನ್ನು ಸೆರಗಿಗೆ ಒರೆಸುತ್ತಿದ್ದಳು. ಅದು ಹೋಗುತ್ತಿರಲಿಲ್ಲ.

“ಹೌದೇನ್ ತಮ್ಮಾ? ಇರಲಿ. ಗೊತ್ತಿರಲಿಲ್ಲ ಅಂದದ್ದಕ್ಕ ನಿನ್ನ ಕಾರ್ಡು ಯಾರೂ ಕಸಗೊಳ್ಳೂದಿಲ್ಲ ಬಿಡು.”

ಸಂಜೆ ಚಿಮಣಿ ಹಚ್ಚುತ್ತಿದ್ದಂತೆ ಪಕ್ಕದ ಜೋಪಡಿಯ ಹಾಲವ್ವ ಬಟ್ಟಲು ಹಿಡಿದು ಬಂದಳು. “ಭಾಗವ್ವಾ, ಒಂದೀಟು ಹಿಟ್ಟು ಐತೇನ?”

“ಇಲ್ಲ.”

ಹಾಲವ್ವ ಬೆಚ್ಚಿದಳು. “ಅಯ್ಯ ನಮ್ಮವ್ವ! ದೀಪ ಹಚ್ಚಿದ ಹೊತ್ತಿನ್ಯಾಗ ಹಂಗ ಅಂತಾರೇನ?”

“ಇಲ್ಲ,” ಎಂದಳು ಭಾಗವ್ವ ಮತ್ತೆ, ಹೊಸ ಮಾತು ಬಾಯಿಪಾಠ ಮಾಡುವವಳ ಹಾಗೆ. “ಹಿಟ್ಟಿಲ್ಲ. ಜ್ವಾಳ ಇಲ್ಲ. ಗೋದಿ ಇಲ್ಲ. ನಾಳಿಗೆ ಈ ಎಣ್ಣೀನೂ ಇಲ್ಲ.”