ತೇಯ್ದು ಕುಡಿಸಿದ ಕ್ಯಾಪ್ಸೂಲು

ಬಿಳಿಗೆರೆಯ ಗಿಡ್ಡಯ್ಯನಿಗೆ ಉಬ್ಬಸ. ತೆಂಗಿನಕಾಯಿ ಸುಲಿಯುವ ಕೆಲಸ. ಸಿಪ್ಪೆಯ ದೂಳು ಮೂಗಿಗೇರಿದರೆ ಉಸಿರು ಕಟ್ಟುತ್ತಿತ್ತು. ಡಾಕ್ಟರು ಹೊಸ ಬಗೆಯ ಕ್ಯಾಪ್ಸೂಲು ಬರೆದುಕೊಟ್ಟರು. ಹೇಗೆ ಕೊಡಬೇಕೆಂದು ಹೆಂಡತಿ ಶಿವರುದ್ರಮ್ಮ ಪೇಟೆಯ ಔಷಧಿ ಅಂಗಡಿಯವನನ್ನು ಕೇಳಿದಳು. ದಿನಕ್ಕೊಂದು ಎಂದವನೇ ಮುಂದಿನ ಗಿರಾಕಿಯತ್ತ ತಿರುಗಿದ. ಇನ್ನೊಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಆ ಮನೆಯಲ್ಲಿ ಔಷಧಿಯೆಂದರೆ ಬೇರು, ನಾರು. ಕಲ್ಲಿನ ಮೇಲೆ ತೇಯ್ದು ಕುಡಿಸುವುದೇ ವಾಡಿಕೆ. ಶಿವರುದ್ರಮ್ಮ ಕ್ಯಾಪ್ಸೂಲು ಬಿಚ್ಚಿ, ಒಳಗಿನ ಸಾಸಿವೆಯಂಥ ಕಾಳುಗಳನ್ನು ನುಣ್ಣಗೆ ತೇಯ್ದು, ಬಿಸಿ ಅಂಬಲಿಗೆ ಬೆರೆಸಿ ಕುಡಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಗಿಡ್ಡಯ್ಯನ ಎದೆ ಡವಡವ ಹೊಡೆದುಕೊಂಡಿತು, ಕೈ ನಡುಗಿತು, ವಾಂತಿ ನಿಲ್ಲಲಿಲ್ಲ. ಗಾಡಿ ಕಟ್ಟಿ ಆಸ್ಪತ್ರೆಗೆ ಒಯ್ದರು. ಜೀವ ಉಳಿದದ್ದೇ ಹೆಚ್ಚು.

ಮನೆಗೆ ಬಂದವಳು ಮಿಕ್ಕ ಕ್ಯಾಪ್ಸೂಲುಗಳನ್ನು ತಿಪ್ಪೆಗೆಸೆಯಲು ಹೊರಟಳು. ಅಷ್ಟರಲ್ಲಿ ಊರಿನ ನರ್ಸು ಗಿರಿಜಾಂಬಿಕಾ ಬಂದು, ನಡೆದದ್ದನ್ನು ಕೇಳಿ ತಲೆ ಚಚ್ಚಿಕೊಂಡರು. ಪ್ರತಿ ಕಾಳಿಗೂ ತೆಳ್ಳನೆಯ ಹೊದಿಕೆ ಇದೆ, ಔಷಧಿ ಹೊಟ್ಟೆಯಲ್ಲಿ ದಿನವೆಲ್ಲ ಸ್ವಲ್ಪ ಸ್ವಲ್ಪವೇ ಕರಗಲೆಂದು ಹಾಗೆ ಮಾಡಿದ್ದಾರೆ, ತೇಯ್ದರೆ ಇಡೀ ದಿನದ್ದು ಒಂದೇ ಸಲ ಮೈಗೇರುತ್ತದೆ ಎಂದರು. ಶಿವರುದ್ರಮ್ಮ ನಂಬಲಿಲ್ಲ. ನರ್ಸು ಕಾಯಿ ತುಂಬಿದ ಅಟ್ಟದ ಕಡೆ ಕೈ ತೋರಿಸಿದರು.

"ಕಾಯಿ ಚಿಪ್ಪಿನೊಳಗೇ ನಿಧಾನಕ್ಕೆ ನೀರಾರಿ ಕೊಬ್ಬರಿ ಆಗ್ಲಿ ಅಂತ ಕಾಯ್ತೀರಲ್ಲ. ಬೇಗ ಆಗ್ಲಿ ಅಂತ ಮೊದ್ಲೇ ಒಡೀತೀರಾ?"

"ಒಡೆದ್ರೆ ಕೆಟ್ಟೋಯ್ತದೆ ಕಣ್ರವ್ವ."

"ಇದೂ ಹಂಗೇ. ಚಿಪ್ಪು ಇದ್ರೆ ಔಷಧಿ, ಒಡೆದ್ರೆ ವಿಷ."

ಶಿವರುದ್ರಮ್ಮನ ಮೈ ಉರಿದುಹೋಯಿತು. "ಈ ಮಾತು ಆ ಅಂಗಡಿಯೋನ ಬಾಯಲ್ಲಿ ಯಾಕೆ ಬರ್ಲಿಲ್ಲ? ನನ್ ಕೈಯಾಗೇ ನನ್ ಗಂಡನ್ನ ಕೊಲ್ಲಿಸ್ತಿದ್ನಲ್ಲ."

ಡಾಕ್ಟರು ಮತ್ತೆ ಕೊಡಬಹುದೆಂದ ಮೇಲೆ, ಅವಳು ಇಡೀ ಕ್ಯಾಪ್ಸೂಲನ್ನೇ ತಣ್ಣೀರಿನಲ್ಲಿ ನುಂಗಿಸಿದಳು. ನರ್ಸು ಹೇಳಿದಂತೆ ಔಷಧಿಯನ್ನು ಒಲೆಯ ಬಿಸಿ ತಾಗದ ಗೂಡಿನಲ್ಲಿಟ್ಟಳು. ಗಿಡ್ಡಯ್ಯ ನಿರಾಳವಾಗಿ ಉಸಿರಾಡಿದ. ಮುಂದಿನ ಸಂತೆಯ ದಿನ ಅವಳು ಅದೇ ಅಂಗಡಿಯ ಕಟ್ಟೆ ಹಿಡಿದು ನಿಂತಳು. ಅವನು ಬಾಯಿಬಿಟ್ಟು ವಿವರಿಸುವ ತನಕ ತಾನೂ ಕದಲಲಿಲ್ಲ, ಹಿಂದಿದ್ದವರನ್ನೂ ಮುಂದೆ ಬಿಡಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಕೇಳದೆ ಯಾವ ಕ್ಯಾಪ್ಸೂಲನ್ನೂ ಬಿಚ್ಚಬೇಡಿ, ಯಾವ ಮಾತ್ರೆಯನ್ನೂ ತೇಯಬೇಡಿ. ನುಂಗುವುದೋ ಅಗಿಯುವುದೋ, ಎಲ್ಲಿ ಇಡುವುದು ಎಂದು ಕೇಳಿ. ಹೇಳುವುದು ಅವರ ಉಪಕಾರವಲ್ಲ, ಕೆಲಸ. ಹೇಳುವ ತನಕ ನೀವೂ ಅಂಗಡಿ ಬಿಟ್ಟು ಕದಲಬೇಡಿ.