ಏಳನೆಯ ಜಾಡಿಯ ಹಸಿರು

ಇದು ನಿಜವಾಗಿ ನಡೆದದ್ದು. ನನ್ನ ಬಾಯಿಂದ ಈ ಮಾತು ಹೊರಟರೆ ನಮ್ಮ ಕಾಲೇಜಿನ ಜನ ಮೊದಲು ಸುತ್ತಮುತ್ತ ನೋಡಿಕೊಳ್ಳುತ್ತಾರೆ, ಆಮೇಲೆ ಕಿವಿ ಕೊಡುತ್ತಾರೆ. ತಪ್ಪು ಅವರದ್ದಲ್ಲ. ಪ್ರಿನ್ಸಿಪಾಲರ ದನಿಯಲ್ಲಿ ಇಂಟರ್‌ಕಾಮಿನೊಳಗೆ ಕೆಮ್ಮಿ, ಕೆಮ್ಮಿನ ನಡುವೆ ಮೀಟಿಂಗ್ ರದ್ದು ಎಂದು ಹೇಳಿದವನು ನಾನೇ. ಅದನ್ನು ನಂಬಿ ಸ್ವತಃ ಪ್ರಿನ್ಸಿಪಾಲರೇ ಮನೆಗೆ ಹೊರಟುಹೋಗಿದ್ದರು. ಅಂದಿನಿಂದ ಕಾಲೇಜಿನಲ್ಲಿ ಬೆಕ್ಕು ಕೂಗಿದರೂ ಜನ ನನ್ನ ಮುಖ ನೋಡುತ್ತಾರೆ.

ಆದ್ದರಿಂದ ಏಳನೆಯ ಜಾಡಿಯ ಗಿಡ ಹಸಿರಾಗಿದ್ದದ್ದಕ್ಕೆ ಯಾರು ಕಾರಣ ಎಂಬ ಪ್ರಶ್ನೆ ಎದ್ದಾಗ ಉತ್ತರ ಹುಡುಕಲು ಯಾರೂ ಬೆವರು ಸುರಿಸಲಿಲ್ಲ.

ನಾನು ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಡೆಮಾನ್‌ಸ್ಟ್ರೇಟರ್. ವರ್ಷಕ್ಕೊಮ್ಮೆ ನವೀಕರಣವಾಗುವ ಕೆಲಸ. ನವೀಕರಿಸುವ ಕೈ ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಅವರದ್ದು. ಅವರ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಒಂದು ಪುಟ್ಟ ಭೂತಗನ್ನಡಿ ಸದಾ ತೂಗುತ್ತಿರುತ್ತದೆ. ಎಲೆ ನೋಡಲು ಅದೇ, ರಜಾ ಅರ್ಜಿ ನೋಡಲೂ ಅದೇ. ಹದಿನೆಂಟು ವರ್ಷಗಳಿಂದ ಪ್ರತಿ ತರಗತಿಯನ್ನೂ ಅವರು ಒಂದೇ ಮಾತಿನಿಂದ ಶುರುಮಾಡುತ್ತಾರೆ: "ನನ್ನ ಮಾತು ನಂಬಬೇಡಿ. ನೋಡಿ."

ಅಂಥವರು ಕೊನೆಗೂ ಒಂದು ಪ್ರಯೋಗ ಪುಸ್ತಕ ಬರೆದಿದ್ದರು. ಅದರಲ್ಲಿ ತಾವು ಕಣ್ಣಾರೆ ಕಾಣದ ಒಂದು ಚಿತ್ರವೂ ಇರಬಾರದೆಂದು ಹಟ. ಎಲ್ಲ ಚಿತ್ರಗಳೂ ಆಗಿದ್ದವು, ಒಂದು ಬಿಟ್ಟು.

ಕಿಟಕಿಯ ಪಕ್ಕದ ಬೆಂಚಿನ ಮೇಲೆ ಏಳು ಗಾಜಿನ ಜಾಡಿ. ಬೆಳಕು ತಾಗಿ ಪಾಚಿ ಕಟ್ಟದಂತೆ ಪ್ರತಿಯೊಂದಕ್ಕೂ ಕಪ್ಪು ಕಾಗದದ ಅಂಗಿ. ಬಿರಡೆಯ ತೂತಿನಲ್ಲಿ ಹತ್ತಿ ಸುತ್ತಿ ನಿಲ್ಲಿಸಿದ ಒಂದೊಂದು ಮೆಕ್ಕೆಜೋಳದ ಸಸಿ, ಬೇರು ಕೆಳಗೆ ನೀರಿನಲ್ಲಿ. ಮಣ್ಣಿಲ್ಲ. ಗಿಡಕ್ಕೆ ಬೇಕಾದ್ದನ್ನೆಲ್ಲ ನಾವೇ ತೂಗಿ, ಭಟ್ಟಿ ಇಳಿಸಿದ ನೀರಿಗೆ ಹಾಕುವುದು. ಮೊದಲನೆಯ ಜಾಡಿಗೆ ಎಲ್ಲವೂ ಉಂಟು. ಉಳಿದ ಆರಕ್ಕೂ ಒಂದೊಂದು ಕೊರತೆ: ಒಂದಕ್ಕೆ ಸಾರಜನಕ ಇಲ್ಲ, ಒಂದಕ್ಕೆ ರಂಜಕ ಇಲ್ಲ, ಹೀಗೆ. ಯಾವುದು ಇಲ್ಲದಿದ್ದರೆ ಗಿಡ ಹೇಗೆ ಕೊರಗುತ್ತದೆಂದು ಎಲೆಯಲ್ಲಿ ಓದಬಹುದು. ಏಳನೆಯದಕ್ಕೆ ಕಬ್ಬಿಣ ಇಲ್ಲ. ಕಬ್ಬಿಣವಿಲ್ಲದೆ ಗಿಡ ಹಸಿರನ್ನು ತಯಾರಿಸಲಾರದು. ಹೊಸ ಎಲೆ ನರ ಮಾತ್ರ ಹಸಿರಾಗಿ, ನಡುವೆಲ್ಲ ಹಳದಿಯಾಗಿ ಬರಬೇಕು.

ಬರಲಿಲ್ಲ. ಮೂರು ವಾರ ಕಳೆದವು. ಆರು ಗಿಡಗಳು ಪುಸ್ತಕದಲ್ಲಿ ಹೇಳಿದಂತೆ ವಿಧೇಯವಾಗಿ ನಡೆದುಕೊಂಡವು. ಏಳನೆಯದು ಮಾತ್ರ ಮದುವೆಮನೆಯಿಂದ ಉಂಡು ಬಂದಂತಿತ್ತು. ಹಸಿದಿರಬೇಕಾದದ್ದು ಹಸಿರಾಗಿತ್ತು! ಶನಿವಾರ ಫೋಟೋ ತೆಗೆಯುವವನು ಬರುವವನಿದ್ದ.

ಸೋಮವಾರ ನೀರು ಬದಲಿಸುವಾಗ ಮೇಡಂ ನನ್ನನ್ನು ಬೆಂಚಿನ ಬಳಿಗೆ ಕರೆದರು.

"ಬಾಯಲ್ಲೇನದು?"

"ಪೆಪ್ಪರ್‌ಮೆಂಟು, ಮೇಡಂ. ಗಂಟಲಿಗೆ."

"ಯಾವ ರುಚಿ?"

"ಕಿತ್ತಳೆ."

ಏಳನೆಯ ಜಾಡಿಯ ಬಿರಡೆ ಎತ್ತಿ ನನ್ನ ಮೂಗಿನ ಕೆಳಗೆ ಹಿಡಿದರು. "ಇದು?"

ಮೂಸಿದೆ. ನನ್ನ ಜೀವ ಜಾಡಿಗಿಳಿಯಿತು. ಕಿತ್ತಳೆ.

ಅಷ್ಟೇ ಅಲ್ಲ. ಕಪ್ಪು ಕಾಗದ ಬಿಚ್ಚಿದರೆ ನೀರಿಗೆ ಒಂದಿಷ್ಟು ಕಂದು ಛಾಯೆ, ಗಾಜಿನ ಒಳಬದಿಗೆ ಲೋಳೆ. ಕಿಟಕಿಯ ಸಂದಿನಿಂದ ಇರುವೆಗಳ ಒಂದು ಸಾಲು ಮೊದಲ ಆರು ಜಾಡಿಗಳನ್ನು ಕ್ಯಾರೇ ಅನ್ನದೆ ದಾಟಿ ನೇರ ಏಳನೆಯದಕ್ಕೆ ಹತ್ತಿತ್ತು. ಮೇಡಂ ಭೂತಗನ್ನಡಿ ಹಿಡಿದು ಇರುವೆಗಳನ್ನು ನೋಡಿದರು. ಆಮೇಲೆ ಅದೇ ಭೂತಗನ್ನಡಿಯಲ್ಲಿ ನನ್ನನ್ನು ನೋಡಿದರು.

"ಸಕ್ಕರೆ ಬಿದ್ದಿದೆ. ಜೊತೆಗೆ ಕಬ್ಬಿಣನೂ. ಏನಪ್ಪಾ ಇದು ನಿನ್ನ ಆಟ?"

"ಮೇಡಂ, ಈ ಸಲ ನಾನಲ್ಲ."

"ಪ್ರತಿ ಸಲಾನೂ 'ಈ ಸಲ ನಾನಲ್ಲ' ಅಂತೀಯ."

"ಪೆಪ್ಪರ್‌ಮೆಂಟಲ್ಲಿ ಕಬ್ಬಿಣ ಎಲ್ಲಿರುತ್ತೆ ಮೇಡಂ? ಹಲ್ಲು ಮುರಿಯಲ್ವಾ?"

ನಗಲಿಲ್ಲ. "ಶನಿವಾರದೊಳಗೆ ಯಾರು ಅಂತ ತೋರಿಸು. ಇಲ್ಲಾಂದ್ರೆ ಮುಂದಿನ ವರ್ಷ ಬೇರೆ ಕೆಲಸ ನೋಡ್ಕೋ."

ಬೇರಿನ ಕೆಲಸ ಬಿಟ್ಟರೆ ಬೇರೆ ಕೆಲಸ ನನಗೆ ಗೊತ್ತಿಲ್ಲ. ಮೊದಲ ಬಾರಿಗೆ ನನ್ನ ಮೇಲೆ ಒಂದು ತಪ್ಪು ಪೂರ್ತಿಯಾಗಿ ತಪ್ಪಾಗಿ ಬಿದ್ದಿತ್ತು. ಕೀಟಲೆ ಮಾಡಿ ಬೈಸಿಕೊಳ್ಳುವುದರಲ್ಲಿ ಒಂದು ನ್ಯಾಯವಿದೆ. ಮಾಡದೆ ಬೈಸಿಕೊಳ್ಳುವುದು ಊಟವಿಲ್ಲದೆ ತೇಗಿದ ಹಾಗೆ.

ಅನುಮಾನ ಅಂಟುರೋಗ. ನಾನೂ ಅನುಮಾನಿಸತೊಡಗಿದೆ. ಭಟ್ಟಿಯ ನಳಿಕೆಯಲ್ಲಿ ತುಕ್ಕಿದೆಯೇ ಎಂದು ಬೆರಳು ತೂರಿಸಿ ನೋಡಿದೆ. ಬೆರಳು ಹೊರಗೆ ಬರಲು ಸೋಪು ಬೇಕಾಯಿತು, ತುಕ್ಕು ಸಿಗಲಿಲ್ಲ. ಪುಸ್ತಕ ಮುಗಿಸಲು ಮನಸ್ಸಿಲ್ಲದೆ ಮೇಡಂ ತಾವೇ ಹಾಕುತ್ತಿರಬಹುದೇ ಎಂದೂ ಯೋಚಿಸಿದೆ. ಅವರು ಜಾಡಿಯ ಹತ್ತಿರ ಹೋದಾಗಲೆಲ್ಲ ನಾನು ಕತ್ತು ಚಾಚುತ್ತಿದ್ದೆ. ನಾನು ಹೋದಾಗಲೆಲ್ಲ ಅವರು. ಇಬ್ಬರೂ ಕೊಕ್ಕರೆಗಳಂತೆ ಓಡಾಡಿಕೊಂಡಿದ್ದೆವು.

ಮಂಗಳವಾರ ಬೆಳಿಗ್ಗೆ ಮೇಡಂ ಬೆಂಚಿನ ಸುತ್ತ ನೆಲಕ್ಕೆ ಸೀಮೆಸುಣ್ಣದ ಪುಡಿ ಉದುರಿಸಿದರು, ಹೆಜ್ಜೆ ಗುರುತು ಸಿಗಲಿ ಎಂದು. ಊಟದ ಬಿಡುವಿನ ನಂತರ ಬಂದು ನೋಡಿದರೆ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೇಲೆ ಒಂದೇ ಒಂದು ಜೊತೆ ಒದ್ದೆ ಹೆಜ್ಜೆ. ನನ್ನವು. ಪುಡಿಯಲ್ಲಿ ಯಾರ ಗುರುತು ಬಿದ್ದಿದೆ ನೋಡೋಣವೆಂದು ನಾನು ಆಗಷ್ಟೇ ಹೋಗಿಬಂದಿದ್ದೆ.

"ಯಾರೋ ಸುಣ್ಣ ಚೆಲ್ಲಿದ್ರು ಮೇಡಂ," ಎಂದ ಗಾಜಣ್ಣ, ಬಕೆಟ್ಟು ಕೆಳಗಿಡುತ್ತ. "ಒರೆಸಿಬಿಟ್ಟೆ."

ಗಾಜಣ್ಣ ನಮ್ಮ ಪ್ರಯೋಗಾಲಯದ ಅಟೆಂಡರ್. ಇಪ್ಪತ್ತಾರು ವರ್ಷ ಗಾಜಿನ ಸಾಮಾನು ತೊಳೆದು ಒಂದನ್ನೂ ಒಡೆಯದ್ದಕ್ಕೆ ಆ ಹೆಸರು. ಮೇಜು ಕುರ್ಚಿಗಳಂತೆ ಅವನೂ ಆ ಕೋಣೆಯ ಭಾಗವೇ ಆಗಿಬಿಟ್ಟಿದ್ದ. ಮೇಜಿನ ಮೇಲೆ ಅನುಮಾನ ಪಡುವವರು ಯಾರು? ಈಚೆಗೆ ಮೆಟ್ಟಿಲು ಹತ್ತಿ ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಅಂದೂ ಸ್ಟೂಲಿನ ಮೇಲೆ ಕುಸಿದು ಕುಳಿತ.

"ಏನ್ ಗಾಜಣ್ಣ, ಟಾನಿಕ್ ಕುಡೀತಾ ಇಲ್ವಾ?" ಎಂದೆ. ರಕ್ತ ಕಮ್ಮಿಯೆಂದು ಡಾಕ್ಟರು ಬರೆದುಕೊಟ್ಟದ್ದು ನಮಗೆಲ್ಲ ಗೊತ್ತಿತ್ತು.

"ಅಯ್ಯೋ, ಅದೇ ದೊಡ್ಡ ರಾಮಾಯಣ. ನಮ್ಮನೆಯವಳು ಬಾಟ್ಲಿ ಮೇಲೆ ಪೆನ್ನಲ್ಲಿ ಗೆರೆ ಹಾಕಿ ಕಳಿಸ್ತಾಳೆ. ದಿನಾ ಒಂದು ಗೆರೆ ಇಳೀಬೇಕು. ಇಳೀತಾನೂ ಇದೆ. ರಕ್ತ ಮಾತ್ರ ಏರ್ತಾ ಇಲ್ಲ. ಎಂಟಿದ್ದಿದ್ದು ಎಂಟೇ. ನಿನ್ನೆ ಔಷಧಿ ಅಂಗಡಿಯವನ ಹತ್ರ ಹೋಗಿ, 'ಬಣ್ಣದ ನೀರು ಮಾರ್ತೀಯೇನೋ' ಅಂತ ಜಗಳ ಆಡಿ ಬಂದಳು. ಪಾಪ, ಅವನ ಮುಖ ನೋಡಬೇಕಿತ್ತು."

ಮೇಡಂ ಭೂತಗನ್ನಡಿಯನ್ನು ಸೀರೆಯ ಸೆರಗಿನಿಂದ ಒರೆಸುತ್ತ, "ಈಗ ಎಲ್ಲದರಲ್ಲೂ ಕಲಬೆರಕೆ," ಎಂದು ನನ್ನ ಕಡೆ ನೋಡಿದರು. ನಾನೂ ತಲೆಯಾಡಿಸಿದೆ. ಇಬ್ಬರು ಓದಿದವರು, ಒಂದು ಕೋಣೆ, ಒಂದು ಕಡೆ ಇರಬಾರದ ಕಬ್ಬಿಣ, ಇನ್ನೊಂದು ಕಡೆ ಇರಬೇಕಾದ ಕಬ್ಬಿಣ ಇಲ್ಲ. ಎರಡನ್ನೂ ಕೂಡಿಸಲು ನಮ್ಮಿಬ್ಬರ ಪದವಿಗಳೂ ಸಾಲಲಿಲ್ಲ.

ಗುರುವಾರ ಊಟದ ಬಿಡುವಿನಲ್ಲಿ ನಾನು ಒಣಗಿದ ಎಲೆಗಳ ಕಪಾಟಿನ ಹಿಂದೆ ಅಡಗಿ ಕುಳಿತೆ. ಧೈರ್ಯಕ್ಕೆ ಬಾಯಲ್ಲೊಂದು ಪೆಪ್ಪರ್‌ಮೆಂಟು. ಕಳ್ಳ ಬಂದರೆ ಬೆನ್ನಟ್ಟುವಷ್ಟು ಗಟ್ಟಿ ಕಾಲು ನನಗಿಲ್ಲ, ಇರುವುದು ಗಂಟಲು. ಆದ್ದರಿಂದ ಗಿಡದ ದನಿಯೊಂದನ್ನು ಸಿದ್ಧಮಾಡಿಕೊಂಡಿದ್ದೆ. ತೆಳ್ಳಗೆ, ಮೂಗಿನಿಂದ, ನೀರಿನಡಿಯಿಂದ ಬಂದಂತೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಅಕ್ಕ ಕಷಾಯ ಮಾಡಿಕೊಟ್ಟಿದ್ದಳು.

ಬಾಗಿಲು ಕಿರುಗುಟ್ಟಿತು. ಬಂದವನು ಗಾಜಣ್ಣ. ನೆಲ ಒರೆಸಲು ಬಂದಿರಬೇಕೆಂದುಕೊಂಡೆ. ಆದರೆ ಅವನು ಬಕೆಟ್ಟು ಮುಟ್ಟಲಿಲ್ಲ. ಸೀದಾ ಏಳನೆಯ ಜಾಡಿಯ ಮುಂದೆ ಸ್ಟೂಲು ಎಳೆದು ಕುಳಿತ. ಬುತ್ತಿ ಬಿಚ್ಚಿ ಒಂದೆರಡು ತುತ್ತು ತಿಂದ.

"ಏನಮ್ಮಾ, ನಿಂಗೂ ಊಟದ ಹೊತ್ತಾಯ್ತಲ್ಲ," ಎಂದ ಗಿಡಕ್ಕೆ. "ಸುತ್ತ ಮುತ್ತ ಎಲ್ಲರಿಗೂ ಕಬ್ಬಿಣ ಬಡಿಸಿ ನಿಂಗೆ ಮಾತ್ರ ಬೇಡ ಅಂದ್ರೆ ಹ್ಯಾಗೆ? ನಂಗೂ ಇದೇ ಕಾಯಿಲೆ ತಾಯಿ. ಮೆಟ್ಟಿಲು ಹತ್ತೋಕಾಗಲ್ಲ. ನಿಂಗಾದ್ರೆ ಎಲೆ ಎತ್ತೋಕೇ ಆಗಲ್ವೇನೋ. ಬಾಯಿಲ್ಲದ ಜೀವ, ಕೇಳೋದು ತಾನೆ ಯಾರ ಹತ್ರ?"

ಜೇಬಿನಿಂದ ಟಾನಿಕ್ಕಿನ ಬಾಟಲಿ ಹೊರಬಂತು. ಅದರ ಮೈತುಂಬ ಪೆನ್ನಿನ ಗೆರೆಗಳು, ಚೀಟಿಯ ಮೇಲೊಂದು ಕಿತ್ತಳೆ ಹಣ್ಣಿನ ಚಿತ್ರ.

ನನಗೆ ತಡೆಯಲಾಗಲಿಲ್ಲ. ಗಂಟಲು ನನಗಿಂತ ಮೊದಲೇ ಕೆಲಸ ಶುರುಮಾಡಿತ್ತು.

"ಅಣ್ಣಾ..."

ಗಾಜಣ್ಣನ ಕೈ ಬಾಟಲಿಯ ಮುಚ್ಚಳದ ಮೇಲೆಯೇ ನಿಂತಿತು.

"ಅಣ್ಣಾ, ನನಗೆ ಬೇಡ. ನಿನ್ನ ಟಾನಿಕ್ಕು ನೀನೇ ಕುಡಿ..."

ಅವನು ಎದ್ದ. ಹಿಂದಕ್ಕೆ ವಾಲಿದ. ಕೈ ಜಾಡಿಗೆ ತಗುಲಿ ಅದು ಬೆಂಚಿನ ಅಂಚಿಗೆ ಜಾರಿತು. ಇಪ್ಪತ್ತಾರು ವರ್ಷಗಳ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ? ಜಾಡಿಯನ್ನು ಎದೆಗವುಚಿಕೊಂಡೇ ನೆಲಕ್ಕೆ ಕುಕ್ಕರಿಸಿದ. ಒಂದು ಹನಿ ಚೆಲ್ಲಲಿಲ್ಲ. ಆದರೆ ಅವನ ಮುಖ ನೋಡಿದೆ. ಸೀಮೆಸುಣ್ಣದ ಪುಡಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ.

ನಾನು ಹೊರಗೆ ಬರುವ ಮೊದಲೇ ಎದುರಿನ ಕತ್ತಲೆಕೋಣೆಯ ಪರದೆ ಸರಿಯಿತು. ಮೇಡಂ! ನನ್ನನ್ನು ಹಿಡಿಯಲು ಅವರೂ ಅಲ್ಲಿ ಅಡಗಿ ಕುಳಿತಿದ್ದರು, ಕೈಯಲ್ಲಿ ಬುತ್ತಿ ಸಮೇತ. ಕಪಾಟಿನ ಸಂದಿನಲ್ಲಿ ನನ್ನ ಮೂಗು ಕಂಡು, ತುಟಿಯ ಮೇಲೆ ಬೆರಳಿಟ್ಟು, ಅಲ್ಲೇ ಇರು ಎಂದು ಕಣ್ಣಿನಲ್ಲೇ ಗದರಿದರು.

"ಮೇಡಂ," ಗಾಜಣ್ಣ ತೊದಲಿದ, "ಗಿಡ ಮಾತಾಡ್ತು."

"ಕೇಳಿಸ್ತು." ಮೇಡಂ ಅವನ ಎದುರಿಗೆ ನೆಲದ ಮೇಲೇ ಕುಳಿತರು. "ಎಷ್ಟು ದಿನದಿಂದ ನಡೀತಿದೆ ಇದು?"

"ಎರಡನೇ ವಾರದಿಂದ. ಹೊಸ ಎಲೆ ಒಂಚೂರು ಬೆಳ್ಳಗಾದ ಹಾಗೆ ಕಾಣ್ತು ಮೇಡಂ. ನೋಡ್ಕೊಂಡು ಇರೋಕಾಗಲಿಲ್ಲ. ನಂದು ದಿನಕ್ಕೆ ಎರಡು ಚಮಚ. ಗಿಡಕ್ಕೆ ನಾಕು ಹನಿ, ನಂಗೆ ಉಳಿದಿದ್ದು ಅಂತ ಶುರು ಮಾಡಿದೆ. ಆಮೇಲೆ..."

"ಆಮೇಲೆ?"

"ಜಾಡಿಗೆ ಹತ್ತು ಹನಿ. ಮಿಕ್ಕಿದ್ದು ಹೊರಗಡೆ ಕುಂಡದ ಗುಲಾಬಿಗೆ. ಅದೂ ಬಾಡಿತ್ತು."

ಮೇಡಂ ಅವನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಭೂತಗನ್ನಡಿ ಹಿಡಿದರು. ಕೆಂಪಿರಬೇಕಾದ ಜಾಗ ಕಾಗದದಂತೆ ಬಿಳಿಚಿತ್ತು. ಬಹಳ ಹೊತ್ತು ನೋಡಿದರು. ಹದಿನೆಂಟು ವರ್ಷಗಳಲ್ಲಿ ಎಲೆಯನ್ನಲ್ಲದೆ ಮನುಷ್ಯನನ್ನು ಅಷ್ಟು ಹೊತ್ತು ಅವರು ನೋಡಿದ್ದು ಅದೇ ಮೊದಲೇನೋ.

"ಕಬ್ಬಿಣ ಇಲ್ಲದ ಏಳನೇ ಜಾಡಿ ನೋಡ್ಬೇಕು ಅಂತ ಮೂರು ವಾರದಿಂದ ಕಾಯ್ತಾ ಇದ್ದೆ," ಎಂದರು ಮೆಲ್ಲಗೆ. "ಅದು ಇಲ್ಲೇ ಬಕೆಟ್ಟು ಹಿಡ್ಕೊಂಡು ಓಡಾಡ್ತಾ ಇತ್ತು. ಗಾಜಣ್ಣ, ಗಿಡಕ್ಕೆ ಹಸಿರು ತಯಾರಾಗೋಕೆ ಕಬ್ಬಿಣ ಬೇಕು. ನಿಂಗೆ ಕೆಂಪು ತಯಾರಾಗೋಕೆ ಅದೇ ಕಬ್ಬಿಣ ಬೇಕು. ಕುಡಿ."

"ನಿಮ್ಮ ಚಿತ್ರ, ಮೇಡಂ? ನಾನು ಹಾಳು ಮಾಡಿದೆ ಅಲ್ವಾ?"

"ಹಾಳಾಗಿಲ್ಲ. ಒಂದು ಸಲ ಎಲೆಗೆ ಹೋದ ಕಬ್ಬಿಣ ಅಲ್ಲಿಂದ ಸುಲಭಕ್ಕೆ ಕದಲಲ್ಲ. ನೀನು ಇವತ್ತು ನಿಲ್ಲಿಸಿದ್ರೆ ಹಳೇ ಎಲೆ ಹಸಿರಾಗೇ ಇರುತ್ತೆ, ಹೊಸಾದು ಹಳದಿ ಬರುತ್ತೆ. ಒಂದೇ ಗಿಡದಲ್ಲಿ ಎರಡೂ. ಅಂಥ ಚಿತ್ರ ಯಾರ ಪುಸ್ತಕದಲ್ಲೂ ನಾನು ನೋಡಿಲ್ಲ." ಕಪಾಟಿನ ಕಡೆ ಕಣ್ಣು ಹಾಯಿಸಿ ಗಂಭೀರವಾಗಿ ಹೇಳಿದರು: "ಬೇಡ ಅಂತ ಗಿಡವೇ ಹೇಳ್ತಲ್ಲ. ಅದರ ಮಾತು ಮೀರಬೇಡ."

ನನ್ನ ಮಾತು ನಂಬಬೇಡಿ ಎನ್ನುವವರು ಗಿಡದ ಮಾತು ನಂಬು ಎಂದರು! ಕಪಾಟಿನ ಹಿಂದೆ ನಾನು ಪೆಪ್ಪರ್‌ಮೆಂಟು ನುಂಗಿಬಿಟ್ಟೆ. ಗಾಜಣ್ಣ ಅವರ ಕಣ್ಣೆದುರಿಗೇ ಎರಡು ಚಮಚ ಕುಡಿದು, ಗಿಡಕ್ಕೊಂದು ಕೈ ಮುಗಿದು ಹೋದ. ಮೇಡಂ ಫೋಟೋದವನಿಗೆ ಫೋನು ಮಾಡಿ ದಿನ ಮುಂದೂಡಿದರು. ನನಗೆ ಹೇಳಿದ್ದು ಇಷ್ಟೇ: "ಅವನಿಗೆ ಹೇಳಿದರೆ ನೋಡು. ಭಯದಲ್ಲಾದ್ರೂ ಕುಡೀಲಿ."

ಅಲ್ಲಿಂದ ಮುಂದೆ ನಾವಿಬ್ಬರೂ ಒಂದೇ ಗುಟ್ಟಿನ ಪಾಲುದಾರರು. ಗಾಜಣ್ಣ ದಿನವೂ ಜಾಡಿಯ ಮುಂದೆ ನಿಂತು, "ಕುಡಿದೆ ತಾಯಿ, ನೋಡ್ಕೋ," ಎಂದು ಖಾಲಿ ಚಮಚ ತೋರಿಸುತ್ತಿದ್ದ. ಮೇಡಂ ಮುಖ ತಿರುಗಿಸಿ ಸೆರಗಿನಲ್ಲಿ ಕೆಮ್ಮುತ್ತಿದ್ದರು. ಒಮ್ಮೊಮ್ಮೆ ಅವರೇ ನನ್ನನ್ನು ತಿವಿದು, "ಇವತ್ತೊಂದು ಸಲ ಮಾತಾಡಿಸು, ಎರಡು ದಿನದಿಂದ ಸುಮ್ಮನಿದೆ, ಅನುಮಾನ ಬರುತ್ತೆ," ಎನ್ನುತ್ತಿದ್ದರು. ನಾನು ಕಪಾಟಿನ ಹಿಂದಿನಿಂದ, "ಒಳ್ಳೇದಣ್ಣಾ," ಎನ್ನುತ್ತಿದ್ದೆ. ಗಾಜಣ್ಣ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದ.

ಹನ್ನೆರಡನೆಯ ದಿನ ಸುರುಳಿ ಬಿಚ್ಚಿದ ಎಲೆ ಹಳದಿಗೆ ಹಸಿರು ಗೆರೆ ಎಳೆದಂತೆ ಬಂದಿತ್ತು. ಕೆಳಗಿನವು ಹಸಿರಾಗಿಯೇ ಇದ್ದವು. ಮೇಡಂ ಭೂತಗನ್ನಡಿ ಹಿಡಿದು ನೋಡಿದರು, ತೆಗೆದು ನೋಡಿದರು, ಮತ್ತೆ ಹಿಡಿದರು. ಫೋಟೋದವನು ಚಿತ್ರ ತೆಗೆದ. ಆಮೇಲೆ ಮೇಡಂ ನನ್ನ ಕಡೆ ತಿರುಗಿ, "ಮುಂದಿನ ವರ್ಷದ ಕಾಗದಕ್ಕೆ ನಾಳೆ ಸಹಿ ಹಾಕ್ತೀನಿ," ಎಂದರು. "ಆದ್ರೆ ಈಗ ಗಾಜಣ್ಣನಿಗೆ ನಿಜ ಹೇಳು. ರಕ್ತ ಒಂಬತ್ತೂವರೆ ಆಗಿದೆಯಂತೆ, ತಡ್ಕೋತಾನೆ."

ಗಾಜಣ್ಣನನ್ನು ಸ್ಟೂಲಿನ ಮೇಲೆ ಕೂರಿಸಿದೆವು. ನಾನು ಕೈಕಟ್ಟಿ ಅವನೆದುರಿಗೇ ನಿಂತು, ಗಿಡದ ದನಿಯಲ್ಲಿ, "ಅಣ್ಣಾ, ನನ್ನ ಕ್ಷಮಿಸು," ಎಂದೆ.

ಅವನು ನನ್ನನ್ನೊಮ್ಮೆ, ಮೇಡಂ ಅವರನ್ನೊಮ್ಮೆ ನೋಡಿದ. ತುಟಿ ಅದುರಿತು. ಅಳುತ್ತಾನೇನೋ ಎಂದು ಮೇಡಂ ಮುಂದೆ ಬಾಗಿದರು.

"ಸ್ವಾಮಿ," ಎಂದ ಗಾಜಣ್ಣ, "ಅವತ್ತು ನಾನು ಬಾಟ್ಲಿ ಮುಚ್ಚಳಾನೇ ತೆಗೆದಿರಲಿಲ್ಲ. ಆದ್ರೂ ಕಪಾಟಿನ ಕಡೆಯಿಂದ ಘಮ್ ಅಂತ ಕಿತ್ತಳೆ ವಾಸನೆ. ಮೊದಲನೇ ಮಾತಿಗೆ ಹೆದರಿದ್ದು ನಿಜ. ಕೂತ ಮೇಲೆ ಮೂಗಿಗೆ ಬಡೀತು. ಗಿಡಾನೇ ಮಾತಾಡಿದ್ದು ಅಂತ ನಂಬಿದ ಹಾಗೆ ಇದ್ದುಬಿಟ್ರೆ ಮೇಡಂ ಬೈಯಲ್ಲ ಅಂತ ಅಲ್ಲೇ ಹೊಳೀತು. ಆಮೇಲೆ ನೀವಿಬ್ರೂ ಹನ್ನೆರಡು ದಿನ ಕಷ್ಟಪಟ್ಟು ಆಡ್ತಾ ಇದ್ರಲ್ಲ, ನಿಲ್ಲಿಸೋಕೆ ಮನಸ್ಸು ಬರಲಿಲ್ಲ. ಮನೇಲಿ ನಮ್ಮವಳಿಗೆ ದಿನಾ ಆಡಿ ತೋರಿಸ್ತಿದ್ದೆ, ಮೇಡಂ ಸೆರಗಲ್ಲಿ ಕೆಮ್ಮೋದನ್ನ."

ಹೇಳಿ, ಸೆರಗಿಲ್ಲದ ಕೈಯನ್ನು ಬಾಯಿಗಿಟ್ಟು, ಥೇಟ್ ಮೇಡಂ ಕೆಮ್ಮಿದಂತೆಯೇ ಕೆಮ್ಮಿದ. ನನಗಿಂತ ಚೆನ್ನಾಗಿ. ಮೇಡಂ ನಕ್ಕರು, ನಾನು ನಕ್ಕೆ, ಫೋಟೋದವನೂ ಏನೆಂದು ತಿಳಿಯದೆ ನಕ್ಕ. ಆದರೆ ಬೆಂಚಿನ ಮೇಲಿನ ಏಳು ಜಾಡಿಗಳೂ ಕಿಣಿಕಿಣಿ ಎಂದದ್ದು ಗಾಜಣ್ಣನ ನಗುವಿಗೆ.